ಪಂಜರದೊಳಗಣ ಪರಮಾಣು

ತೆಂಗಿನ ಸೀಮೆಯವರಿಗೆ ಅಟ್ಟದ ಮೇಲಿನ ಕೊಬ್ಬರಿಯ ವಿಚಾರವನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಬಲಿತ ಕಾಯನ್ನು ಅಟ್ಟಕ್ಕೇರಿಸಿ ತಿಂಗಳುಗಟ್ಟಲೆ ಅದರ ಪಾಡಿಗೆ ಬಿಟ್ಟರೆ ಒಳಗಿನ ನೀರು ಬತ್ತುತ್ತದೆ. ತಿರುಳು ಒಣಗಿ, ಕುಗ್ಗಿ, ಚಿಪ್ಪಿನಿಂದ ಬಿಡಿಸಿಕೊಳ್ಳುತ್ತದೆ. ಕಾಯಿ ಗಿಟುಕಾಯಿತೋ ಇಲ್ಲವೋ ಎಂದು ತಿಳಿಯಲು ಯಾರೂ ಅದನ್ನು ಒಡೆದು ನೋಡುವುದಿಲ್ಲ. ಕಿವಿಯ ಬಳಿ ಹಿಡಿದು ಅಲುಗಿಸುತ್ತಾರೆ. ನಮ್ಮ ಅಜ್ಜಿ ಈ ಪರೀಕ್ಷೆಯಲ್ಲಿ ನಿಷ್ಣಾತೆ. ಒಂದೊಂದೇ ಕಾಯನ್ನು ಅಲುಗಿಸಿ, "ಇದು ಮಾತಾಡ್ತದೆ, ಇದು ಇನ್ನೂ ಮೂಕ" ಎಂದು ಎರಡು ಗುಡ್ಡೆ ಮಾಡುತ್ತಿದ್ದರು. ಹೊರಗೆ ಗಟ್ಟಿ ಚಿಪ್ಪು, ಒಳಗೆ ಸಡಿಲವಾದ ಗಿಟುಕು. ಚಿಪ್ಪಿಗೆ ಅಂಟಿಲ್ಲ, ಹಾಗೆಂದು ಅದನ್ನು ಬಿಟ್ಟು ಹೊರಬರಲೂ ಆರದು.

ಇಂದು ನಾನು ಹೇಳಹೊರಟಿರುವುದು ಕೊಬ್ಬರಿಯ ವಿಷಯವಲ್ಲ, ಹರಳುಗಳ ವಿಷಯ. ಆದರೆ ಎಲ್ಲ ಹರಳುಗಳೂ ಅಲ್ಲ. ಪರಮಾಣುಗಳು ಒಂದನ್ನೊಂದು ಕೈಹಿಡಿದು ಪಂಜರಗಳನ್ನು ಕಟ್ಟಿಕೊಂಡಿರುವ, ಮತ್ತು ಪ್ರತಿ ಪಂಜರದ ಒಳಗೂ ಬೇರೊಂದು ಪರಮಾಣುವೋ ಅಣುವೋ ಗಿಟುಕಿನಂತೆ ಸಿಕ್ಕಿಕೊಂಡಿರುವ ಒಂದು ವಿಶೇಷ ಕುಲದ ಹರಳುಗಳು. ಒಳಗಿನ ಈ ಅತಿಥಿಯ ಅಲುಗಾಟ ಹರಳಿನಲ್ಲಿ ಶಾಖ ಹರಿಯುವುದನ್ನು ಹೇಗೆ ತಡೆಯುತ್ತದೆ ಎಂಬುದು ನನ್ನ ವಿಷಯ. ಇದನ್ನು ನಾನು ಬಹಳ ವರ್ಷ ತರಗತಿಯಲ್ಲಿ ಹೇಳಿಕೊಂಡು ಬಂದೆ. ಹೇಳಿದ್ದರಲ್ಲಿ ಅರ್ಧ ತಪ್ಪಾಗಿತ್ತೆಂದು ಆಮೇಲೆ ತಿಳಿಯಿತು. ಆ ತಪ್ಪಿನ ಕಥೆಯೂ ಇದರೊಳಗೆ ಬರುತ್ತದೆ.

ಮೊದಲು, ಘನವಸ್ತುವಿನಲ್ಲಿ ಶಾಖವೆಂದರೇನು? ಪರಮಾಣುಗಳ ಕಂಪನ, ಅಷ್ಟೆ. ಒಂದು ತುದಿಯನ್ನು ಕಾಯಿಸಿದರೆ ಅಲ್ಲಿಯ ಪರಮಾಣುಗಳು ಹೆಚ್ಚು ಬಿರುಸಾಗಿ ತೂಗಾಡುತ್ತವೆ; ನೆರೆಯವನ್ನು ಎಳೆಯುತ್ತವೆ, ತಳ್ಳುತ್ತವೆ; ಆ ಕಂಪನ ಅಲೆಯಾಗಿ ಸಾಗುತ್ತದೆ. ಲೋಹಗಳಲ್ಲಿ ಎಲೆಕ್ಟ್ರಾನುಗಳೂ ಶಾಖವನ್ನು ಹೊರುತ್ತವೆಂಬುದು ನಿಜ. ಆದರೆ ವಜ್ರದಲ್ಲಿ ಅಂಥ ಸ್ವೇಚ್ಛಾಚಾರಿ ಎಲೆಕ್ಟ್ರಾನುಗಳಿಲ್ಲ. ಆದರೂ ವಜ್ರ ತಾಮ್ರವನ್ನು ಮೀರಿಸುತ್ತದೆ. ಒಂದು ಮೀಟರು ದಪ್ಪದ, ಒಂದು ಚದರ ಮೀಟರು ಅಗಲದ ಗೋಡೆಯೊಂದನ್ನು ಊಹಿಸಿ. ಅದರ ಎರಡು ಮುಖಗಳ ನಡುವೆ ಒಂದು ಡಿಗ್ರಿಯ ಅಂತರವಿದ್ದರೆ, ತಾಮ್ರದ ಗೋಡೆಯಲ್ಲಿ ಸುಮಾರು 400 ವಾಟ್ ಶಾಖ ಹರಿಯುತ್ತದೆ. ಒಳ್ಳೆಯ ವಜ್ರದ ಗೋಡೆಯಲ್ಲಿ 2000 ವಾಟ್. ವಜ್ರದ ಗೋಡೆ ಕಟ್ಟಿಸುವವರು ಯಾರು ಎಂದು ಕೇಳಬೇಡಿ, ಇದು ಲೆಕ್ಕದ ಗೋಡೆ. ಅದೇ ಗೋಡೆ ಕಿಟಕಿ ಗಾಜಿನದಾದರೆ ಒಂದು ವಾಟ್ ಆಸುಪಾಸು.

ವಜ್ರಕ್ಕೂ ಗಾಜಿಗೂ ಇಷ್ಟು ಅಂತರವೇಕೆ? ವಜ್ರದಲ್ಲಿ ಪರಮಾಣುಗಳು ಹಗುರ, ಅವುಗಳ ನಡುವಿನ ಬಂಧ ಬಿಗಿ, ಅದೊಂದು ಕಾರಣ. ಇನ್ನೊಂದು, ಅವುಗಳ ಸಾಲು ನೇರವಾಗಿದೆ. ಕ್ರಮ ತಪ್ಪದ ಸಾಲಿನಲ್ಲಿ ಅಲೆ ಬಹುದೂರ, ಸಾವಿರಾರು ಪರಮಾಣುಗಳನ್ನು ದಾಟಿ, ಚದರದೆ ಸಾಗಬಲ್ಲುದು. ಗಾಜಿನಲ್ಲಿ ಸಾಲೇ ಇಲ್ಲ. ಸಂತೆಯ ಜನಜಂಗುಳಿಯಂತೆ ಅಸ್ತವ್ಯಸ್ತ. ಅಲ್ಲಿ ಅಲೆ ಹುಟ್ಟಿದ ನಾಲ್ಕು ಹೆಜ್ಜೆಯಲ್ಲೇ ಚದರಿಹೋಗುತ್ತದೆ. ಹರಳಿಗೂ ಗಾಜಿಗೂ ಮತ್ತೊಂದು ವ್ಯತ್ಯಾಸವುಂಟು. ಅದನ್ನು ದಯವಿಟ್ಟು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ. ಹರಳನ್ನು ತಣ್ಣಗೆ ಮಾಡಿದಂತೆಲ್ಲ ಅದು ಶಾಖವನ್ನು ಇನ್ನೂ ಚೆನ್ನಾಗಿ ಸಾಗಿಸುತ್ತದೆ. ಏಕೆಂದರೆ ಅಲೆಗಳು ಕಡಿಮೆಯಾಗಿ, ಅವುಗಳ ಪರಸ್ಪರ ಡಿಕ್ಕಿ ಕಡಿಮೆಯಾಗುತ್ತದೆ. ಗಾಜನ್ನು ತಣ್ಣಗೆ ಮಾಡಿದರೆ ಅದು ಇನ್ನೂ ಕೆಟ್ಟ ವಾಹಕವಾಗುತ್ತದೆ. ಒಂದು ಏರುವಾಗ ಇನ್ನೊಂದು ಇಳಿಯುತ್ತದೆ.

ಇಲ್ಲಿ ಐನ್‌ಸ್ಟೈನರ ಒಂದು ಸೋಲಿನ ವಿಚಾರ ಹೇಳಬೇಕು. ಅವರ ಗೆಲುವುಗಳನ್ನು ಎಲ್ಲರೂ ಹೇಳುತ್ತಾರೆ. ಈ ಸೋಲು ನನಗೆ ಹೆಚ್ಚು ಪ್ರಿಯ. 1907ರಲ್ಲಿ ಅವರು ಘನವಸ್ತುವಿನ ಪ್ರತಿಯೊಂದು ಪರಮಾಣುವೂ ತನ್ನಷ್ಟಕ್ಕೆ ತಾನು ಒಂದೇ ಆವೃತ್ತಿಯಲ್ಲಿ ತೂಗಾಡುತ್ತದೆಂದು ಭಾವಿಸಿ, ವಜ್ರದ ಶಾಖಗ್ರಹಣದ ಒಗಟನ್ನು ಬಿಡಿಸಿದ್ದರು. 1911ರಲ್ಲಿ ಅದೇ ಚಿತ್ರದಿಂದ ಶಾಖವಹನವನ್ನೂ ಲೆಕ್ಕಹಾಕಲು ಹೊರಟರು. ಪ್ರತಿ ಪರಮಾಣುವೂ ಅರ್ಧ ತೂಗಾಟದೊಳಗೆ ತನ್ನ ಶಕ್ತಿಯನ್ನು ನೆರೆಯವಕ್ಕೆ ಗೊತ್ತುಗುರಿಯಿಲ್ಲದೆ ಹಂಚಿಬಿಡುತ್ತದೆ ಎಂಬುದು ಅವರ ಲೆಕ್ಕ. ಬಂದ ಉತ್ತರ ಹರಳುಗಳ ಅಳತೆಗಿಂತ ಬಹಳ ಕಡಿಮೆ. ಮೇಲಾಗಿ, ಹರಳನ್ನು ತಂಪುಮಾಡಿದಾಗ ಶಾಖವಹನ ಏರುತ್ತದೆಂದು ಜರ್ಮನಿಯ ಆಯ್ಕನ್ ಅದೇ ಕಾಲದಲ್ಲಿ ಅಳೆದು ತೋರಿಸಿದ್ದರು. ಐನ್‌ಸ್ಟೈನರ ಸೂತ್ರದಲ್ಲಿ ಆ ಏರಿಕೆಯೇ ಇರಲಿಲ್ಲ. ಅವರು ಅದನ್ನು ಅಲ್ಲಿಗೇ ಬಿಟ್ಟರು. ಮರುವರ್ಷ, 1912ರಲ್ಲಿ, ಡಿಬೈ ಮತ್ತು ಬೋರ್ನ್ ಮೊದಲಾದವರು ಪರಮಾಣುಗಳು ಒಂಟಿಯಾಗಿ ತೂಗುವುದಿಲ್ಲ, ಒಟ್ಟಾಗಿ ಅಲೆಗಳಾಗಿ ತೂಗುತ್ತವೆ ಎಂದು ತೋರಿಸಿದರು. ಆ ಅಲೆಗಳ ತುಣುಕುಗಳಿಗೆ ಆಮೇಲೆ ಫೋನಾನ್ ಎಂಬ ಹೆಸರು ಬಂತು.

ಆದರೆ ಐನ್‌ಸ್ಟೈನರ ಸೋತ ಲೆಕ್ಕ ಸತ್ತಿರಲಿಲ್ಲ. 1980ರ ದಶಕದ ಕೊನೆಯಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಪೋಲ್ ಮತ್ತು ಕಾಹಿಲ್ ಎಂಬವರು ಅದನ್ನು ಅಟ್ಟದಿಂದ ಇಳಿಸಿ, ಸ್ವಲ್ಪ ತಿದ್ದಿ ಗಾಜುಗಳಿಗೆ ಅನ್ವಯಿಸಿ ನೋಡಿದರು. ಅದು ಗಾಜುಗಳಿಗೆ ಹೊಂದಿಕೊಂಡಿತು! ಹರಳಿಗೆ ತಪ್ಪಾದದ್ದು ಗಾಜಿಗೆ ಬಹುಮಟ್ಟಿಗೆ ಸರಿ. ಘನವಸ್ತು ಎಷ್ಟು ಕಡಿಮೆ ಶಾಖವನ್ನು ಸಾಗಿಸಬಹುದು ಎಂಬ ಕೆಳಮಿತಿಯೇ ಅದಾಗಿತ್ತು.

ಈ ವಿಷಯಕ್ಕೆ ನಮ್ಮ ಬೆಂಗಳೂರಿನ ನಂಟೂ ಇದೆ. 1935-36ರಲ್ಲಿ ಮ್ಯಾಕ್ಸ್ ಬೋರ್ನ್ ಅವರು ಸಿ. ವಿ. ರಾಮನ್ನರ ಆಹ್ವಾನದ ಮೇಲೆ ಇಲ್ಲಿಯ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಲಕಾಲ ಇದ್ದರು. ಕೆಲವೇ ವರ್ಷಗಳಲ್ಲಿ ಇಬ್ಬರೂ ಹರಳಿನ ಕಂಪನಗಳ ಬಗೆಗೆ ಎದುರಾಳಿಗಳಾದರು. ಡಿಬೈ ಮತ್ತು ಬೋರ್ನರ ಅಲೆಗಳ ಸಿದ್ಧಾಂತವನ್ನು ರಾಮನ್ನರು ಕಡೆಯವರೆಗೂ ಒಪ್ಪಲಿಲ್ಲ. ಹರಳಿಗೆ ಎಣಿಸಬಲ್ಲಷ್ಟೇ ಬಿಡಿ ಆವೃತ್ತಿಗಳಿರುತ್ತವೆಂಬುದು ಅವರ ಪಟ್ಟು. 1950ರ ದಶಕದಲ್ಲಿ ಕೆನಡಾದ ಬ್ರಾಕ್‌ಹೌಸ್ ನ್ಯೂಟ್ರಾನುಗಳನ್ನು ಹರಳಿನ ಮೇಲೆ ಹಾಯಿಸಿ ಅಲೆಗಳನ್ನು ನೇರವಾಗಿ ಅಳೆದರು. ಗೆದ್ದದ್ದು ಬೋರ್ನರ ಪಕ್ಷ. ಈ ನ್ಯೂಟ್ರಾನುಗಳು ನಮ್ಮ ಕಥೆಯಲ್ಲಿ ಮತ್ತೊಮ್ಮೆ ಬಂದು ತೀರ್ಪು ಹೇಳಲಿವೆ.

ಇನ್ನು ಪಂಜರಗಳಿಗೆ ಬರೋಣ. ಇವುಗಳಲ್ಲಿ ಮೊದಲು ಮನುಷ್ಯರ ಕಣ್ಣಿಗೆ ಬಿದ್ದದ್ದು ನೀರಿನ ಪಂಜರ. ಚಳಿಗಾಲದಲ್ಲಿ ಕ್ಲೋರಿನ್ ಅನಿಲದ ಸೀಸೆಗಳಲ್ಲಿ ಹಳದಿ ಬಣ್ಣದ ಹರಳುಗಳು ಕಟ್ಟಿಕೊಳ್ಳುತ್ತಿದ್ದವು. ಅದು ಹೆಪ್ಪುಗಟ್ಟಿದ ಕ್ಲೋರಿನ್ನೇ ಎಂದು ಜನ ನಂಬಿದ್ದರು. ಅಲ್ಲ, ಅದರಲ್ಲಿ ನೀರೂ ಇದೆ ಎಂದು 1811ರಲ್ಲಿ ತೋರಿಸಿದವರು ಹಂಫ್ರಿ ಡೇವಿ. 1823ರಲ್ಲಿ ಅವರ ಶಿಷ್ಯ ಫ್ಯಾರಡೆ ಅದರ ಲೆಕ್ಕವನ್ನು ಕೊಟ್ಟರು: ಒಂದು ಪಾಲು ಕ್ಲೋರಿನ್ನಿಗೆ ಸುಮಾರು ಹತ್ತು ಪಾಲು ನೀರು. ರಸಾಯನಶಾಸ್ತ್ರಜ್ಞರಿಗೆ ಇದೊಂದು ಮುಜುಗರದ ವಸ್ತು. ಕ್ಲೋರಿನ್ನಿಗೂ ನೀರಿಗೂ ನಡುವೆ ಇಲ್ಲಿ ರಾಸಾಯನಿಕ ಬಂಧವಿದ್ದಂತಿಲ್ಲ. ಆದರೂ ಕೂಡಿ ಹರಳಾಗಿವೆ. ಯಾವ ಒಪ್ಪಂದದ ಮೇಲೆ?

1934ರವರೆಗೆ ಇದು ಪ್ರಯೋಗಶಾಲೆಯ ವಿನೋದವಾಗಿಯೇ ಉಳಿದಿತ್ತು. ಆ ವರ್ಷ ಅಮೆರಿಕದ ಹ್ಯಾಮರ್‌ಶ್ಮಿಟ್ ಎಂಬ ರಸಾಯನಜ್ಞ, ನೈಸರ್ಗಿಕ ಅನಿಲದ ಕೊಳವೆಗಳು ಚಳಿಯಲ್ಲಿ ಕಟ್ಟಿಕೊಳ್ಳುವುದು ಬರಿಯ ಹಿಮಗಡ್ಡೆಯಿಂದಲ್ಲ, ಅನಿಲವನ್ನು ನುಂಗಿದ ಇಂಥ ಹರಳುಗಳಿಂದ ಎಂದು ಪತ್ತೆಹಚ್ಚಿದ. ಅಲ್ಲಿಂದ ಇದು ಹಣದ ಪ್ರಶ್ನೆಯಾಯಿತು. ಹಣದ ಪ್ರಶ್ನೆಯಾದ ಮೇಲೆ ಸಂಶೋಧನೆಗೆ ಬರವೇ? 1940ರ ದಶಕದಲ್ಲಿ ಆಕ್ಸ್‌ಫರ್ಡಿನ ಪೊವೆಲ್, ಕ್ವಿನಾಲ್ ಎಂಬ ಬೇರೊಂದು ವಸ್ತುವಿನ ಹರಳಿನಲ್ಲಿ ಅತಿಥಿ ಅಣುಗಳು ಕಂಬಿಗಳ ಹಿಂದೆ ಸೆರೆಯಾದಂತೆ ಕುಳಿತಿರುವುದನ್ನು ಎಕ್ಸ್‌ಕಿರಣಗಳಿಂದ ಕಂಡು, ಲ್ಯಾಟಿನ್ನಿನಲ್ಲಿ ಕಂಬಿಯಿಂದ ಬಂಧಿತವಾದದ್ದು ಎಂಬರ್ಥದ ಪದದಿಂದ ಅವುಗಳಿಗೆ ಕ್ಲಾತ್ರೇಟ್ ಎಂದು ಹೆಸರಿಟ್ಟರು. 1952ರಲ್ಲಿ ಪೌಲಿಂಗ್ ಮತ್ತು ಮಾರ್ಷ್ ಡೇವಿಯ ಹಳದಿ ಹರಳಿನ ರಚನೆಯನ್ನೇ ಬಿಡಿಸಿದರು. ಒಪ್ಪಂದವೇನೂ ಇರಲಿಲ್ಲ; ಇದ್ದದ್ದು ಸೆರೆಮನೆ.

ಆ ರಚನೆ ನೋಡಲು ಬಲು ಸೊಗಸು. ನೀರಿನ 46 ಅಣುಗಳು ಸೇರಿ ಎಂಟು ಪಂಜರಗಳನ್ನು ಕಟ್ಟುತ್ತವೆ. ಅವುಗಳಲ್ಲಿ ಎರಡು ಚಿಕ್ಕವು, ಹನ್ನೆರಡು ಪಂಚಕೋನಗಳಿಂದಾದವು. ಉಳಿದ ಆರು ಸ್ವಲ್ಪ ದೊಡ್ಡವು, ಹನ್ನೆರಡು ಪಂಚಕೋನ ಮತ್ತು ಎರಡು ಷಟ್ಕೋನಗಳಿಂದಾದವು. ಇದೇ ಘಟಕ ಮೂರು ದಿಕ್ಕಿಗೂ ಪುನರಾವರ್ತನೆಯಾಗುತ್ತದೆ. ಪಂಜರದೊಳಗೆ ಮೀಥೇನ್ ಅಣುಗಳಿದ್ದರೆ ಅದು ಮೀಥೇನ್ ಹೈಡ್ರೇಟ್. ಬೆಂಕಿ ಹಚ್ಚಿದರೆ ಉರಿಯುವ ಹಿಮಗಡ್ಡೆ. ಒಂದು ಲೋಟದಷ್ಟು ಹೈಡ್ರೇಟ್ ಕರಗಿದರೆ ಹೊರಬರುವ ಅನಿಲ ಸುಮಾರು 160 ಲೋಟ ತುಂಬೀತು. ಸಮುದ್ರದ ತಳದ ಒತ್ತಡದಲ್ಲಿ, ತಂಪಿನಲ್ಲಿ, ಇದು ರಾಶಿಗಟ್ಟಲೆ ಇದೆ. 2006ರಲ್ಲಿ ನಮ್ಮ ಕೃಷ್ಣಾ-ಗೋದಾವರಿ ಕೊಳ್ಳದ ಕಡಲಡಿಯಲ್ಲೂ ಕೊರೆದು ತೆಗೆದಿದ್ದಾರೆ.

ಈಗ ಶಾಖದ ವಿಷಯ. ಈ ಹೈಡ್ರೇಟಿನಲ್ಲಿ ನೂರಕ್ಕೆ ಎಂಬತ್ತೈದು ಅಣುಗಳು ನೀರೇ. ಆದ್ದರಿಂದ ಅದು ಶಾಖವನ್ನು ಹೆಚ್ಚುಕಡಿಮೆ ಹಿಮಗಡ್ಡೆಯಂತೆಯೇ ಸಾಗಿಸಬೇಕೆಂದು ಯಾರಾದರೂ ಭಾವಿಸುತ್ತಾರೆ. ನಮ್ಮ ಲೆಕ್ಕದ ಗೋಡೆ ಹಿಮಗಡ್ಡೆಯದಾದರೆ ಎರಡು ವಾಟ್‌ಗಿಂತ ಸ್ವಲ್ಪ ಹೆಚ್ಚು. ಹೈಡ್ರೇಟಿನದಾದರೆ ಅರ್ಧ ವಾಟ್‌ಗಿಂತ ಕೊಂಚವಷ್ಟೇ ಮೇಲೆ. ದ್ರವರೂಪದ ನೀರಿನಷ್ಟೇ ಹೆಚ್ಚುಕಡಿಮೆ! 1981ರಲ್ಲಿ ಸ್ವೀಡನ್ನಿನ ಉಮೆಯಾ ನಗರದ ಮೂವರು ವಿಜ್ಞಾನಿಗಳು ಇಂಥ ಇನ್ನೊಂದು ಹೈಡ್ರೇಟನ್ನು ತಂಪುಮಾಡುತ್ತ ಅಳೆದರು. ಹರಳಾದದ್ದರಿಂದ ಶಾಖವಹನ ಏರಬೇಕಿತ್ತು. ಇಳಿಯಿತು. ಎಕ್ಸ್‌ಕಿರಣ ನೋಡಿ ಹರಳು ಎನ್ನುತ್ತದೆ, ಶಾಖ ನೋಡಿ ಗಾಜು ಎನ್ನುತ್ತದೆ. ಒಂದೇ ವಸ್ತುವಿಗೆ ಎರಡು ಸಾಕ್ಷಿಗಳು, ಎರಡು ಹೇಳಿಕೆಗಳು.

ಕೆನಡಾದ ಜಾನ್ ತ್ಸೆ ಮತ್ತು ಮೇರಿ ಆನ್ ವೈಟ್ 1988ರಲ್ಲಿ ಇದಕ್ಕೊಂದು ವಿವರಣೆ ಕೊಟ್ಟರು. ತಪ್ಪಿತಸ್ಥ ಪಂಜರವಲ್ಲ, ಒಳಗಿನ ಅತಿಥಿ. ಪಂಜರದಲ್ಲಿ ಸಡಿಲವಾಗಿರುವ ಅತಿಥಿ ಬಹಳ ನಿಧಾನವಾಗಿ ತೂಗಾಡುತ್ತದೆ. ಈ ನಿಧಾನವೆಂಬ ಮಾತು ಪರಮಾಣುಗಳ ಲೋಕದ ಅಳತೆಯಲ್ಲಿ. ನಮ್ಮ ಅಳತೆಯಲ್ಲಿ ಅದು ಸೆಕೆಂಡಿಗೆ ಲಕ್ಷ ಕೋಟಿ ಬಾರಿಯ ಆಸುಪಾಸು. ಶಾಖವನ್ನು ಬಹುದೂರ ಹೊರುವ ಅಲೆಗಳ ಆವೃತ್ತಿಗಳೂ ಇದರ ನೆರೆಯಲ್ಲೇ ಇರುವುವು. ಆವೃತ್ತಿಗಳು ಹೊಂದಿದಾಗ ಅಲೆ ತನ್ನ ಶಕ್ತಿಯನ್ನು ಅತಿಥಿಗೆ ಒಪ್ಪಿಸಿಬಿಡುತ್ತದೆ. ಇದಕ್ಕೆ ಅನುರಣನ ಎನ್ನುತ್ತೇವೆ.

ಇದನ್ನು ತರಗತಿಯಲ್ಲಿ ತೋರಿಸಲು ನನಗೊಂದು ಸುಲಭೋಪಾಯವಿತ್ತು. ಎರಡು ಕುರ್ಚಿಗಳ ನಡುವೆ ಅಡ್ಡಲಾಗಿ ಒಂದು ದಾರ. ಅದರಿಂದ ಇಳಿಬಿಟ್ಟ ಇನ್ನೆರಡು ದಾರ, ಒಂದೊಂದರ ತುದಿಗೂ ಒಂದೊಂದು ಬೀಗದ ಕೈ. ಎರಡೂ ಸಮ ಉದ್ದವಿದ್ದರೆ, ಒಂದನ್ನು ತೂಗಿಬಿಟ್ಟಾಗ ಅದು ಮೆಲ್ಲಮೆಲ್ಲನೆ ಸೋಲುತ್ತ ನಿಂತೇಬಿಡುತ್ತದೆ. ಅಷ್ಟರಲ್ಲಿ ಯಾರೂ ಮುಟ್ಟದ ಎರಡನೆಯದು ತೂಗತೊಡಗಿರುತ್ತದೆ. ಒಂದರ ದಾರವನ್ನು ಗಿಡ್ಡ ಮಾಡಿದರೆ ಈ ಕೊಡುಕೊಳ್ಳುವಿಕೆ ನಿಂತಹಾಗೆಯೇ. "ಮೊದಲನೆಯದು ಶಾಖದ ಅಲೆ, ಎರಡನೆಯದು ಪಂಜರದ ಅತಿಥಿ. ಅಲೆ ತನ್ನ ಗಂಟನ್ನು ಅತಿಥಿಗೆ ಒಪ್ಪಿಸಿ ಬರಿಗೈಯಾಯಿತು, ನೋಡಿದಿರಾ?" ಎಂದು ನಾನು ಹೇಳುತ್ತಿದ್ದೆ. ಮಕ್ಕಳು ತಲೆದೂಗುತ್ತಿದ್ದರು. ಪಾಠ ಮುಗಿಯುತ್ತಿತ್ತು.

1999ರ ಒಂದು ಮಧ್ಯಾಹ್ನ ಪಾಠ ಮುಗಿಯಲಿಲ್ಲ. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ, ಅದುವರೆಗೆ ಬಾಯೇ ಬಿಟ್ಟಿರದ ಒಬ್ಬ ಹುಡುಗ ಎದ್ದು ನಿಂತ. ನಾನು ಬೀಗದ ಕೈಗಳನ್ನು ಹಿಡಿದು ನಿಲ್ಲಿಸಲು ಹೋಗಿದ್ದೆ. "ನಿಲ್ಲಿಸಬೇಡಿ ಸರ್, ಇನ್ನೂ ನೋಡಬೇಕು" ಎಂದ. ನೋಡಿದೆವು. ಎರಡನೆಯದು ಸೋಲುತ್ತ ಬಂತು. ಮೊದಲನೆಯದು ಮತ್ತೆ ತೂಗತೊಡಗಿತು. "ಇಸಕೊಂಡದ್ದನ್ನ ವಾಪಸ್ ಕೊಟ್ಟುಬಿಡ್ತಲ್ಲ ಸರ್. ಹಾಗಾದ್ರೆ ಶಾಖ ನಿಲ್ಲೋದೆಲ್ಲಿ?"

ನಾನು ಏನೋ ಒಂದು ಹೇಳಿದೆ. ಅತಿಥಿ ಹಿಂದಿರುಗಿಸುವಾಗ ದಿಕ್ಕು ತಪ್ಪಿ ಎತ್ತೆತ್ತಲೋ ಎರಚುತ್ತದೆ, ಆದ್ದರಿಂದ ಅಲೆ ಚದರುತ್ತದೆ, ಎಂದೆ. ಪುಸ್ತಕಗಳಲ್ಲಿ ಇದ್ದದ್ದೂ ಹಾಗೆಯೇ. ಅವನು "ಎಲ್ಲ ಪಂಜರದಲ್ಲೂ ಒಂದೇ ಥರದ ಅತಿಥಿ ಸಾಲಾಗಿ ಕೂತಿದ್ರೆ ದಿಕ್ಕು ಯಾಕೆ ತಪ್ಪಬೇಕು ಸರ್?" ಎಂದು ಮತ್ತೆ ಕೇಳಿದ. ಅಧ್ಯಾಪಕನ ಬಳಿ ಇಂಥ ವೇಳೆಗೆಂದೇ ಇರುವ ಒಂದು ಆಯುಧವುಂಟು, ಅದನ್ನು ಬಳಸಿದೆ. "ಇದು ಪರೀಕ್ಷೆಗೆ ಬರುವುದಿಲ್ಲ, ಕೂತ್ಕೋಪ್ಪ" ಎಂದೆ. ಅವನು ಕೂತ. ಪ್ರಶ್ನೆ ಕೂರಲಿಲ್ಲ.

ಅಷ್ಟರಲ್ಲಿ ಹೊರಗಿನ ಪ್ರಪಂಚದಲ್ಲಿ ಈ ಗಿಟುಕಿನ ಪರಮಾಣುವಿಗೆ ಭಾರಿ ಬೇಡಿಕೆ ಬಂದಿತ್ತು. ಕಾರಣ ಉಷ್ಣವಿದ್ಯುತ್ತು. ಎರಡು ವಸ್ತುಗಳನ್ನು ಬೆಸೆದು ಒಂದು ಬೆಸುಗೆಯನ್ನು ಕಾಯಿಸಿ ಇನ್ನೊಂದನ್ನು ತಂಪಾಗಿಟ್ಟರೆ ವಿದ್ಯುತ್ತು ಹುಟ್ಟುತ್ತದೆ. ಇದು ಸೀಬೆಕ್ 1821ರಲ್ಲೇ ಕಂಡದ್ದು. ಬಾನುಲಿಯ ಶ್ರೋತೃಗಳಿಗೆ ಇದರ ಒಂದು ಉಪಯೋಗವನ್ನು ಹೇಳಲೇಬೇಕು. 1950ರ ದಶಕದಲ್ಲಿ ಸೋವಿಯತ್ ದೇಶದ ವಿದ್ಯುತ್ತಿಲ್ಲದ ಹಳ್ಳಿಗಳಲ್ಲಿ ಸೀಮೆಎಣ್ಣೆ ದೀಪದ ಚಿಮಣಿಯ ಮೇಲೆ ಇಂಥದೊಂದು ಉಪಕರಣವನ್ನು ಕೂರಿಸಿ, ದೀಪದ ಬಿಸಿಯಿಂದಲೇ ರೇಡಿಯೋ ನುಡಿಸುತ್ತಿದ್ದರು. ಒಂದೇ ದೀಪ, ಬೆಳಕೂ ಉಂಟು, ಸುದ್ದಿಯೂ ಉಂಟು. 1977ರಲ್ಲಿ ಹಾರಿದ ವಾಯೇಜರ್ ನೌಕೆಗಳು ಸೂರ್ಯನ ಬೆಳಕು ಕ್ಷೀಣಿಸಿದ ಎಡೆಯಿಂದ ನಮಗೆ ಮಾತನಾಡಿದ್ದೂ ಈ ವಿದ್ಯೆಯಿಂದಲೇ. ಅಲ್ಲಿ ದೀಪದ ಬದಲು ಪ್ಲುಟೋನಿಯಮ್ಮಿನ ಬಿಸಿ.

ಆದರೆ ಇದರ ದಕ್ಷತೆ ಬಲು ಬಡ. ಒಳ್ಳೆಯ ಉಷ್ಣವಿದ್ಯುತ್ ವಸ್ತು ವಿದ್ಯುತ್ತನ್ನು ಚೆನ್ನಾಗಿ ಸಾಗಿಸಬೇಕು, ಶಾಖವನ್ನು ಸಾಗಿಸಬಾರದು. ಶಾಖ ಸರಾಗವಾಗಿ ಹರಿದರೆ ಬಿಸಿತುದಿಯೂ ತಣ್ಣನೆಯ ತುದಿಯೂ ಸಮವಾಗಿ ಆಟ ಮುಗಿಯುತ್ತದೆ. ನಿಸರ್ಗದಲ್ಲಿ ಇವೆರಡೂ ಒಂದೇ ಬಾಗಿಲಿನಿಂದ ಹೋಗುವ ನೆಂಟರು. ಲೋಹ ಎರಡನ್ನೂ ಬಿಡುತ್ತದೆ, ಗಾಜು ಎರಡನ್ನೂ ತಡೆಯುತ್ತದೆ. ಅಮೆರಿಕದ ಗ್ಲೆನ್ ಸ್ಲ್ಯಾಕ್ 1995ರಲ್ಲಿ ಬೇಕಾದದ್ದೇನೆಂದು ಒಂದೇ ಮಾತಿನಲ್ಲಿ ಹೇಳಿದರು: ಎಲೆಕ್ಟ್ರಾನಿಗೆ ಹರಳಾಗಿಯೂ ಶಾಖದ ಅಲೆಗೆ ಗಾಜಾಗಿಯೂ ತೋರುವ ವಸ್ತು. ಅಂಥದನ್ನು ಎಲ್ಲಿ ಹುಡುಕಬೇಕೆಂಬುದನ್ನೂ ಹೇಳಿದರು: ಪಂಜರಗಳಲ್ಲಿ. ಎಲೆಕ್ಟ್ರಾನು ಪಂಜರದ ಕಂಬಿಗಳ ಮೇಲೆ ಓಡಲಿ, ಶಾಖವನ್ನು ಒಳಗಿನ ಅತಿಥಿ ನೋಡಿಕೊಳ್ಳಲಿ.

ನೀರಿನ ಪಂಜರ ಇದಕ್ಕೆ ಒದಗದು. ವಿದ್ಯುತ್ತು ಹರಿಯುವ ಪಂಜರ ಬೇಕು. ಒಂದು ಸಿಕ್ಕಿದ್ದು ನಾರ್ವೆಯ ಗಣಿಯ ಹೆಸರು ಹೊತ್ತ ಅದಿರಿನಲ್ಲಿ. ಅಲ್ಲಿಯ ಸ್ಕುಟೆರುಡ್ ಎಂಬಲ್ಲಿ ಹದಿನೆಂಟನೆಯ ಶತಮಾನದಿಂದ ನೀಲಿ ಬಣ್ಣಕ್ಕಾಗಿ ಕೋಬಾಲ್ಟನ್ನು ತೆಗೆಯುತ್ತಿದ್ದರು. ಅದಿರಿಗೆ ಸ್ಕುಟೆರುಡೈಟ್ ಎಂಬ ಹೆಸರು ಬಂತು. ಅದರ ರಚನೆಯಲ್ಲಿ ಖಾಲಿ ಪಂಜರಗಳಿರುವುದೂ, ಅವುಗಳಲ್ಲಿ ಬೇರೆ ಪರಮಾಣುಗಳನ್ನು ಕೂರಿಸಬಹುದೆಂಬುದೂ ಆಮೇಲೆ ತಿಳಿದವು. 1977ರಲ್ಲಿ ಲ್ಯಾಂಥನಮ್ ತುಂಬಿದ ಮೊದಲ ಹರಳು ಸಿದ್ಧವಾಯಿತು. 1996ರಲ್ಲಿ ಅಮೆರಿಕದ ಓಕ್ ರಿಜ್ ಪ್ರಯೋಗಾಲಯದ ಸೇಲ್ಸ್, ಮ್ಯಾಂಡ್ರಸ್, ವಿಲಿಯಮ್ಸ್ ಎಂಬವರು ಆಂಟಿಮನಿಯ ಪಂಜರದಲ್ಲಿ ಲ್ಯಾಂಥನಮ್ಮನ್ನು ಕೂರಿಸಿ ಅಳೆದರು. ಖಾಲಿ ಪಂಜರದಲ್ಲಿ ಹತ್ತು ವಾಟ್‌ನಷ್ಟಿದ್ದ ಶಾಖವಹನದಲ್ಲಿ ಅಲೆಗಳ ಪಾಲು ಆರೇಳು ಪಟ್ಟು ಕುಗ್ಗಿತ್ತು. ವಿದ್ಯುತ್ತಿನ ಹರಿವು ಕೆಟ್ಟಿರಲಿಲ್ಲ. 1998ರಲ್ಲಿ ಸ್ಲ್ಯಾಕ್ ಮತ್ತು ಸಂಗಡಿಗರು ಗ್ಯಾಲಿಯಮ್ ಮತ್ತು ಜರ್ಮೇನಿಯಮ್ ಸೇರಿ ಕಟ್ಟಿದ, ಡೇವಿಯ ಹಳದಿ ಹರಳಿನದೇ ಆಕಾರದ ಪಂಜರದಲ್ಲಿ ಸ್ಟ್ರಾಂಷಿಯಮ್ ಇಟ್ಟರು. ಬರಿಯ ಜರ್ಮೇನಿಯಮ್ಮಿನಲ್ಲಿ 60 ವಾಟ್. ಇಲ್ಲಿ ಒಂದು ವಾಟ್‌ನ ಆಸುಪಾಸು. ಅಪ್ಪಟ ಕಿಟಕಿ ಗಾಜು!

ಎಲ್ಲರೂ ಅತಿಥಿಯ ಒಂಟಿ ಗಲಗಲವನ್ನು ಕೊಂಡಾಡಿದರು. ಇದು ಐನ್‌ಸ್ಟೈನರ 1907ರ ಒಂಟಿ ಪರಮಾಣುವೇ, ಕಡೆಗೂ ಸಿಕ್ಕಿತು, ಎಂದರು. ನಾನೂ ತರಗತಿಯಲ್ಲಿ ಹಾಗೆಯೇ ಹೇಳಿದೆ. ಅಜ್ಜಿಯ ಗಿಟುಕಿನ ಉಪಮೆ ನನ್ನ ಕೈಯಲ್ಲಿತ್ತು, ಅದನ್ನು ಬಿಡಲು ಮನಸ್ಸಾದರೂ ಹೇಗೆ ಬಂದೀತು? ಒಂದು ಒಳ್ಳೆಯ ಉಪಮೆ ಕೈಗೆ ಸಿಕ್ಕಿದ ಅಧ್ಯಾಪಕನಷ್ಟು ಅಪಾಯಕಾರಿ ಪ್ರಾಣಿ ಇನ್ನೊಂದಿಲ್ಲ.

2008ರಲ್ಲಿ ಎರಡು ಪ್ರಬಂಧಗಳು ಪ್ರಕಟವಾದವು. ಎರಡರಲ್ಲೂ ಸಾಕ್ಷಿ ನುಡಿದದ್ದು ಆ ಹಳೆಯ ನ್ಯೂಟ್ರಾನುಗಳೇ. ಫ್ರಾನ್ಸಿನ ಗ್ರೆನೋಬಲ್ ನಗರದಲ್ಲಿ ಕೋಜಾ ಮತ್ತು ಸಂಗಡಿಗರು ತುಂಬಿದ ಸ್ಕುಟೆರುಡೈಟಿನ ಮೇಲೆ ನ್ಯೂಟ್ರಾನುಗಳನ್ನು ಹಾಯಿಸಿದಾಗ, ಲ್ಯಾಂಥನಮ್ ತನ್ನಷ್ಟಕ್ಕೆ ತಾನು ಗಲಗಲಿಸುತ್ತಿಲ್ಲ, ಪಂಜರದೊಡನೆ ತಾಳ ಹಿಡಿದು ತೂಗುತ್ತಿದೆ ಎಂದು ತಿಳಿಯಿತು. ಡೆನ್ಮಾರ್ಕಿನ ಆರ್ಹುಸ್ ವಿಶ್ವವಿದ್ಯಾಲಯದ ಕ್ರಿಸ್ಟೆನ್ಸನ್ ಮತ್ತು ಸಂಗಡಿಗರು ಜರ್ಮೇನಿಯಮ್ ಪಂಜರದಲ್ಲಿ ಬೇರಿಯಮ್ ಇರುವ ದೊಡ್ಡ ಹರಳನ್ನು ಪರೀಕ್ಷಿಸಿದರು. ಅಲೆಗಳು ಅತಿಥಿಯಿಂದ ಚದರಿ ಬೇಗನೆ ಸಾಯುತ್ತಿದ್ದರೆ ಅವುಗಳ ಆಯುಸ್ಸು ಗಿಡ್ಡವಾಗಿರಬೇಕು. ಅಳೆದಾಗ ಆಯುಸ್ಸು ನಿರೀಕ್ಷಿಸಿದ್ದಕ್ಕಿಂತ ಹೆಚ್ಚಾಗಿಯೇ ಇತ್ತು! ಕುಗ್ಗಿದ್ದು ಆಯುಸ್ಸಲ್ಲ, ವೇಗ. ಅಲೆಯ ಆವೃತ್ತಿ ಅತಿಥಿಯ ಆವೃತ್ತಿಯನ್ನು ಸಮೀಪಿಸಿದಂತೆಲ್ಲ ಅಲೆ ಪಂಜರದಿಂದ ಪಂಜರಕ್ಕೆ ಸಾಗುವುದನ್ನು ಮರೆತು ಇದ್ದಲ್ಲಿಯೇ ತೂಗುತ್ತ ನಿಲ್ಲುತ್ತದೆ.

ಆ ಪ್ರಬಂಧದ ಸಾರಾಂಶ ನನ್ನ ಕೈಗೆ ಬಂದದ್ದು ಒಂದೆರಡು ವರ್ಷ ತಡವಾಗಿ. ಓದುತ್ತ ಹಿಂದಿನ ಬೆಂಚು ಕಣ್ಣಮುಂದೆ ಬಂತು. ಅತಿಥಿ ಇಸಕೊಂಡದ್ದನ್ನು ವಾಪಸು ಕೊಡುತ್ತದೆ. ಹುಡುಗ ಸರಿ. ದಿಕ್ಕು ತಪ್ಪಿಸಿ ಎರಚುವುದೂ ಇಲ್ಲ, ಅಥವಾ ನಾನು ಹೇಳಿದಷ್ಟು ಇಲ್ಲ. ಆದರೆ ವಾಪಸು ಕೊಡಲು ಹೊತ್ತು ತೆಗೆದುಕೊಳ್ಳುತ್ತದೆ. ಒಂದು ಪಂಜರದಲ್ಲಿ ಸ್ವಲ್ಪ ಹೊತ್ತು, ಮುಂದಿನ ಪಂಜರದಲ್ಲಿ ಮತ್ತೆ ಸ್ವಲ್ಪ ಹೊತ್ತು. ದಾರಿಯುದ್ದಕ್ಕೂ ಪ್ರತಿ ಊರಲ್ಲೂ ಒಬ್ಬ ನೆಂಟ ಕೈಹಿಡಿದು ಕೂರಿಸಿಕೊಂಡು ಕಾಫಿ ಕೊಟ್ಟು ಕಳಿಸಿದರೆ, ಪ್ರಯಾಣಿಕ ದಾರಿ ತಪ್ಪದೆಯೇ ತಡವಾಗುವುದಿಲ್ಲವೆ? ದರೋಡೆಯಲ್ಲ, ಉಪಚಾರ. ಶಾಖ ನಿಲ್ಲುವುದೆಲ್ಲಿ ಎಂದು ಕೇಳಿದ್ದನಲ್ಲ. ಎಲ್ಲಿಯೂ ನಿಲ್ಲುವುದಿಲ್ಲಪ್ಪ, ಎಲ್ಲೆಡೆಯೂ ತಡೆದು ತಡೆದು ಹೋಗುತ್ತದೆ. ಈ ಉತ್ತರವನ್ನು ನಾನು ಅವನಿಗೆ ಬಹಳ ವರ್ಷ ತಡವಾಗಿ, ಅದೂ ಬಾನುಲಿಯ ಮೂಲಕವಷ್ಟೇ ಕೊಡಬಲ್ಲೆ. ಹೆಸರು ಮರೆತಿಲ್ಲ; ವಿಳಾಸ ಗೊತ್ತಿಲ್ಲ.

ಎಲ್ಲವೂ ಇತ್ಯರ್ಥವಾಯಿತೆಂದು ತಿಳಿಯಬೇಡಿ. ವೇಗ ಕುಗ್ಗುವುದೂ ಅಲೆ ಚದರುವುದೂ ಎರಡೂ ನಡೆಯುತ್ತವೆ. ಯಾವುದರ ಪಾಲೆಷ್ಟೆಂಬುದು ಹರಳಿನಿಂದ ಹರಳಿಗೆ ಬೇರೆ. ಆ ಬೇರಿಯಮ್ ಹರಳಿನಲ್ಲೇ ಒಂದು ಚೋದ್ಯವಿದೆ. ಗ್ಯಾಲಿಯಮ್ಮಿನ ಪ್ರಮಾಣವನ್ನು ಕೂದಲೆಳೆಯಷ್ಟು ಹೆಚ್ಚುಕಡಿಮೆ ಮಾಡಿ, ಎಲೆಕ್ಟ್ರಾನು ಹೆಚ್ಚಿರುವ ಒಂದು ಬಗೆಯನ್ನೂ ಕೊರತೆಯಿರುವ ಇನ್ನೊಂದು ಬಗೆಯನ್ನೂ ಮಾಡಬಹುದು. ಪಂಜರ ಅದೇ, ಅತಿಥಿ ಅದೇ. ಆದರೂ ಬಹಳ ತಂಪಿನಲ್ಲಿ ಮೊದಲನೆಯದು ಹರಳಿನಂತೆ ಶಾಖವನ್ನು ಸಾಗಿಸುತ್ತದೆ, ಎರಡನೆಯದು ಗಾಜಿನಂತೆ. ಎರಡನೆಯದರಲ್ಲಿ ಬೇರಿಯಮ್ ಪಂಜರದ ನಟ್ಟನಡುವೆ ಕೂರದೆ ಒಂದಿಷ್ಟು ಪಕ್ಕಕ್ಕೆ ಸರಿದು ಕೂತಿರುತ್ತದೆಂದೂ, ಯಾವ ಪಕ್ಕಕ್ಕೆಂಬುದು ಪಂಜರದಿಂದ ಪಂಜರಕ್ಕೆ ಬೇರೆಯಾಗುತ್ತದೆಂದೂ ಹೇಳುತ್ತಾರೆ. ಹಾಗಾದರೆ ಸಾಲು ನಿಜವಾಗಿಯೂ ಕೆಟ್ಟಂತೆಯೇ. ಆ ಹುಡುಗನ ಎರಡನೆಯ ಪ್ರಶ್ನೆಗೆ ಉತ್ತರ ಬಹುಶಃ ಇಲ್ಲಿದೆ.

ಕೆಲಸ ಮುಂದುವರಿದಿದೆ. ಒಂದೇ ಹರಳಿನಲ್ಲಿ ಬೇರಿಯಮ್, ಲ್ಯಾಂಥನಮ್, ಯಟರ್ಬಿಯಮ್ ಮೂರನ್ನೂ ಅತಿಥಿಗಳಾಗಿ ಕೂರಿಸಿದರೆ ಮೂರು ಬೇರೆ ಬೇರೆ ಆವೃತ್ತಿಯ ಅಲೆಗಳಿಗೆ ಉಪಚಾರ ನಡೆಯುತ್ತದೆ. 2011ರಲ್ಲಿ ಇಂಥ ಸ್ಕುಟೆರುಡೈಟುಗಳು ಉಷ್ಣವಿದ್ಯುತ್ತಿನ ಗುಣಾಂಕವನ್ನು 1.7ಕ್ಕೆ ಏರಿಸಿದವು, ಬಹುಕಾಲ ಅದು ಒಂದರ ಸುತ್ತಲೇ ಸುಳಿಯುತ್ತಿತ್ತು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದವರು 2017ರಲ್ಲಿ ಥ್ಯಾಲಿಯಮ್, ಇಂಡಿಯಮ್, ಟೆಲ್ಲುರಿಯಮ್ ಸೇರಿದ ಹರಳೊಂದರಲ್ಲಿ ಥ್ಯಾಲಿಯಮ್ ಹೀಗೆಯೇ ಸಡಿಲವಾಗಿ ಅಲುಗಾಡುವುದನ್ನೂ, ಶಾಖವಹನ ಅರ್ಧ ವಾಟ್‌ನ ಆಸುಪಾಸಿಗೆ ಇಳಿಯುವುದನ್ನೂ ತೋರಿಸಿದರು. ಅತ್ತ ಕಡಲಡಿಯ ಹೈಡ್ರೇಟಿನಿಂದ ಅನಿಲ ತೆಗೆಯಹೊರಟವರಿಗೆ ಇದೇ ಗುಣ ಕಂಟಕ: ಕಾಯಿಸಿ ಕರಗಿಸೋಣವೆಂದರೆ ಬಿಸಿ ಒಳಗೆ ಹೋಗಲೊಲ್ಲದು, ಪ್ರತಿ ಪಂಜರದಲ್ಲೂ ಮೀಥೇನು ಅದನ್ನು ಕೂರಿಸಿಕೊಳ್ಳುತ್ತದೆ.

ಬೀಗದ ಕೈಗಳ ಪ್ರಯೋಗವನ್ನು ಮನೆಯಲ್ಲೇ ಮಾಡಿನೋಡಬಹುದು. ಅಡ್ಡದಾರ ತೀರ ಬಿಗಿಯಾಗಿರಬಾರದು, ಸ್ವಲ್ಪ ಜೋತಿರಲಿ. ಇಳಿಬಿಟ್ಟ ದಾರಗಳು ಮೊಳದುದ್ದವಿದ್ದರೆ ಸಾಕು, ಎರಡೂ ಸಮವಾಗಿರಲಿ. ಒಂದನ್ನು ತೂಗಿಬಿಟ್ಟು ಕೈ ಹಿಂದೆ ಕಟ್ಟಿಕೊಂಡು ನಿಂತುಕೊಳ್ಳಿ. ಮೊದಲನೆಯದು ನಿಂತಿತೆಂದು ಎದ್ದು ಹೋಗಬೇಡಿ. ಇನ್ನೂ ನೋಡಬೇಕು.